ಮಾತ್ರೆಯ ಶೀಟನ್ನು ತಿರುಗಿಸಿ ನೋಡುವುದು ಹೇಗೆ: ನಕಲಿ ಔಷಧಿಯ ಬಗ್ಗೆ ದಾವಣಗೆರೆ, ಚಿತ್ರದುರ್ಗದ ಕಡೆಯವರಿಗೆ

ಮುಂಗಾರಿನ ಮೊದಲ ಹದ ಮಳೆ ಬಿದ್ದೊಡನೆ ದಾವಣಗೆರೆಯ ಬೀಜದಂಗಡಿಗಳ ಮುಂದೆ ಜನ ನೆರೆಯುತ್ತಾರೆ. ಜಗಳೂರಿನಿಂದಲೋ ಹೊಳಲ್ಕೆರೆಯಿಂದಲೋ ಬಂದ ರೈತ ಮೆಕ್ಕೆಜೋಳದ ಚೀಲವನ್ನು ಕೈಗೆತ್ತಿಕೊಂಡವನೇ ತಿರುಗಿಸುತ್ತಾನೆ. ಲಾಟ್ ನಂಬರ್, ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನಾಂಕ ಎಲ್ಲವನ್ನೂ ಓದುತ್ತಾನೆ; ಕಣ್ಣು ಮಂಜಾಗಿದ್ದರೆ ಪಕ್ಕದವನಿಂದ ಓದಿಸುತ್ತಾನೆ. ಬಿಲ್ಲು ಬರೆಸಿ ಒಳಜೇಬಿಗೆ ಸೇರಿಸುತ್ತಾನೆ. ಬೆಳೆ ಕೈಗೆ ಬರುವವರೆಗೂ ಆ ಬಿಲ್ಲು ದೇವರ ಗೂಡಿನಲ್ಲಿ ಭದ್ರವಾಗಿರುತ್ತದೆ. ಅದೇ ಮನುಷ್ಯ ಅದೇ ಸಂಜೆ ಬಸ್ಸು ಹತ್ತುವ ಮುನ್ನ ಮೆಡಿಕಲ್ ಅಂಗಡಿಗೆ ಬಂದು, "ಅಣ್ಣಾ, ಅವ್ವನ ಬಿಪಿ ಮಾತ್ರೆ ಹತ್ತು ಕೊಡಿ" ಎನ್ನುತ್ತಾನೆ. ಕೊಟ್ಟದ್ದನ್ನು ನೋಡದೆ ಚೀಲಕ್ಕೆ ಹಾಕಿಕೊಂಡು ಹೊರಡುತ್ತಾನೆ. ಬಿಲ್ಲು ಬೇಕೇ ಎಂದು ಕೇಳಿದರೆ, "ಹತ್ತು ಮಾತ್ರೆಗೆ ಎಂಥ ಬಿಲ್ಲು" ಎಂದು ನಗುತ್ತಾನೆ.

ನಾನು ದಾವಣಗೆರೆಯಲ್ಲಿ ಹದಿನೆಂಟು ವರ್ಷ ಇಂಥ ಕೌಂಟರಿನ ಒಳಗೆ ನಿಂತವನು. ಈಗ ಹೊರಗೆ ನಿಂತು ನನ್ನ ತಾಯಿಯ ಶುಗರ್ ಮಾತ್ರೆ ಕೊಳ್ಳುತ್ತೇನೆ. ಎರಡೂ ಕಡೆಯಿಂದ ನೋಡಿದವನಾಗಿ ಹೇಳುವುದಾದರೆ, ನಕಲಿ ಮಾತ್ರೆಯನ್ನು ಕಣ್ಣಿನಿಂದಲೇ ಖಚಿತವಾಗಿ ಹಿಡಿಯುವ ವಿದ್ಯೆ ಯಾರಿಗೂ ಇಲ್ಲ, ನನಗೂ ಇರಲಿಲ್ಲ. ನಮ್ಮ ಕೈಯಲ್ಲಿರುವುದು ಶೀಟಿನ ಅಂಚಿಗೆ ಒತ್ತಿದ ಬ್ಯಾಚ್ ಸಂಖ್ಯೆ (ಒಂದೇ ಸಲಕ್ಕೆ ತಯಾರಾದ ಮಾತ್ರೆಗಳಿಗೆಲ್ಲ ಹಾಕುವ ಗುರುತು), ಮತ್ತು ಅದೇ ಸಂಖ್ಯೆ ಬರೆದಿರುವ ಬಿಲ್ಲು. ಇವೆರಡು ಇದ್ದರೆ ಅಂಗಡಿಯವನನ್ನೂ ಕಂಪನಿಯನ್ನೂ ಸರ್ಕಾರವನ್ನೂ ಕೇಳಬಹುದು. ಇಲ್ಲದಿದ್ದರೆ ಡ್ರಗ್ ಇನ್‌ಸ್ಪೆಕ್ಟರ್ ಕೂಡ ನಿಮ್ಮ ಮಾತನ್ನು ಕೇಳಿ ತಲೆಯಾಡಿಸಿ ಕಳುಹಿಸಬೇಕಾಗುತ್ತದೆ. ಹಾಗಾಗಿ ಈ ಲೇಖನದ ಹೆಚ್ಚಿನ ಭಾಗ ಆ ಅಂಚು ಮತ್ತು ಆ ಬಿಲ್ಲಿನ ಸುತ್ತಲೇ ತಿರುಗುತ್ತದೆ.

ಯಾವುದು ನಕಲಿ, ಯಾವುದು ಅಲ್ಲ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಪ್ರಕಾರ ಬೇರೊಂದು ಔಷಧಿಯ ಹೆಸರಿನಲ್ಲಿ ಮಾರಿದ್ದು, ಬೇರೆ ಕಂಪನಿಯದನ್ನು ಅನುಕರಿಸಿದ್ದು, ಇಲ್ಲದ ಕಂಪನಿಯ ಹೆಸರು ಹಾಕಿದ್ದು, ಒಳಗಿನ ಔಷಧವನ್ನೇ ಬದಲಿಸಿದ್ದು ಇವೆಲ್ಲ ನಕಲಿ. 2024ರ ಮಾರ್ಚ್‌ನಲ್ಲಿ ತೆಲಂಗಾಣದ ಅಧಿಕಾರಿಗಳು ಹಿಡಿದ ಮಾತ್ರೆಗಳಲ್ಲಿ ಇದ್ದದ್ದು ಸೀಮೆಸುಣ್ಣದ ಪುಡಿ ಮತ್ತು ಪಿಷ್ಟ. ತಯಾರಕರು ಎಂದು ಅಚ್ಚಾಗಿದ್ದ ಹಿಮಾಚಲ ಪ್ರದೇಶದ ಕಂಪನಿಯೇ ಅಸ್ತಿತ್ವದಲ್ಲಿ ಇರಲಿಲ್ಲ. ಅದೇ ತಿಂಗಳು ದೆಹಲಿ ಪೊಲೀಸರು ಹಿಡಿದ ಜಾಲ ಇನ್ನೂ ಕ್ರೂರವಾಗಿತ್ತು: ಆಸ್ಪತ್ರೆಗಳಿಂದ ದುಬಾರಿ ಕ್ಯಾನ್ಸರ್ ಇಂಜೆಕ್ಷನ್‌ಗಳ ಖಾಲಿ ಬಾಟಲಿ ತಂದು ಶಿಲೀಂಧ್ರದ ಸೋಂಕಿಗೆ ಕೊಡುವ ಅಗ್ಗದ ಔಷಧಿಯನ್ನು ತುಂಬಿ ಮಾರುತ್ತಿದ್ದರು.

ಅಸಲಿ ಕಂಪನಿಯೇ ತಯಾರಿಸಿ, ಪರೀಕ್ಷೆಯಲ್ಲಿ ಸೋತದ್ದು ಬೇರೆ ಜಾತಿ. ಅದನ್ನು ಗುಣಮಟ್ಟವಿಲ್ಲದ ಔಷಧಿ ಎನ್ನುತ್ತಾರೆ. 2024ರ ನವೆಂಬರ್‌ನಲ್ಲಿ ನಮ್ಮ ಪಕ್ಕದ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ಬೆರಳು ತೋರಿದ್ದು ನರಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಕಡೆಗೆ. ಆ ದ್ರಾವಣ ಸರ್ಕಾರಿ ಸರಬರಾಜಿನ ದಾರಿಯಲ್ಲೇ ಬಂದದ್ದು. ರೋಗಿಯ ಕಡೆಯವರು ಲೇಬಲ್ ಓದಿ ಅಂಥದ್ದನ್ನು ತಡೆಯಲು ಸಾಧ್ಯವಿಲ್ಲ, ಅದು ಪ್ರಯೋಗಾಲಯದ ಕೆಲಸ. ಆದರೂ ಯಾವ ಬ್ಯಾಚ್ ಎಂಬ ಸಂಖ್ಯೆ ದಾಖಲಾಗಿದ್ದರೆ ಮಾತ್ರ ಪ್ರಯೋಗಾಲಯವೂ ಏನಾದರೂ ಮಾಡಬಲ್ಲದು.

ಜನೌಷಧಿ ಕೇಂದ್ರದ ಮಾತ್ರೆ ನಕಲಿಯಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಬ್ರ್ಯಾಂಡಿನ ಹೆಸರಿಲ್ಲದೆ ಔಷಧಿಯ ಮೂಲ ಹೆಸರಿನಲ್ಲಿ ಮಾರುವುದೇ ಜೆನೆರಿಕ್. ಜಾಹೀರಾತಿನ ಖರ್ಚು, ಕಂಪನಿಯ ಪ್ರತಿನಿಧಿಗಳ ಓಡಾಟದ ಖರ್ಚು ಇಲ್ಲದ್ದರಿಂದ ಅದು ಅಗ್ಗ. "ಅಷ್ಟು ಕಡಿಮೆ ದುಡ್ಡಿಗೆ ಕೊಡುತ್ತಾರೆ ಎಂದರೆ ಸುಣ್ಣದ ಪುಡಿಯೇ ಇರಬೇಕು" ಎಂದು ಹೆದರಿ ಮಾತ್ರೆಯನ್ನೇ ಬಿಟ್ಟು ಪಾರ್ಶ್ವವಾಯು ತಂದುಕೊಂಡವರನ್ನು ನಾನು ಕಂಡಿದ್ದೇನೆ. ನಕಲಿಯ ಭಯವೂ ಒಂದು ಬಗೆಯ ರೋಗವೇ.

ಅಂಗಡಿ ಆರಿಸಿಕೊಳ್ಳುವುದು

ಗೋಡೆಯ ಮೇಲೆ ಪರವಾನಗಿ ತೂಗುಹಾಕಿರಬೇಕು. ಫಾರ್ಮಸಿಸ್ಟ್ ಹಾಜರಿರಬೇಕು. ಕೇಳಿದರೆ ಬಿಲ್ಲು ಕೊಡಬೇಕು, ಬಿಲ್ಲಿನ ಮೇಲೆ ಅಂಗಡಿಯ ಪರವಾನಗಿ ಸಂಖ್ಯೆ, ಔಷಧಿಯ ಹೆಸರು, ಬ್ಯಾಚ್, ಎಕ್ಸ್‌ಪೈರಿ ಇರಬೇಕು. ಬರಿಯ "ಮೆಡಿಸಿನ್ 240 ರೂ." ಎಂದು ಬರೆದ ಚೀಟಿ ಬಿಲ್ಲಲ್ಲ. ನಿತ್ಯ ಮಾತ್ರೆ ನುಂಗುವವರು ಒಂದೇ ಅಂಗಡಿಯನ್ನು ಹಿಡಿದುಕೊಳ್ಳುವುದು ಒಳ್ಳೆಯದು. ಅಂಗಡಿಯವನಿಗೆ ನಿಮ್ಮ ಮುಖ ಪರಿಚಯವಿದ್ದರೆ ಅವನ ಎಚ್ಚರವೂ ಹೆಚ್ಚುತ್ತದೆ. ಇದು ಕಾನೂನಿನಲ್ಲಿ ಬರೆದಿಲ್ಲ, ಊರಿನ ಲೆಕ್ಕಾಚಾರ.

ರಿಯಾಯಿತಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೆಸರಾಂತ ಬ್ರ್ಯಾಂಡುಗಳ ಮೇಲೆ ಚಿಲ್ಲರೆ ಅಂಗಡಿಗೆ ಉಳಿಯುವುದು ಸಾಮಾನ್ಯವಾಗಿ ನೂರಕ್ಕೆ 16ರಿಂದ 20ರ ಆಸುಪಾಸು. ಅಂಥ ಬ್ರ್ಯಾಂಡನ್ನು ಶೇ 10, ಶೇ 15 ಕಡಿಮೆಗೆ ಕೊಟ್ಟರೆ ಅವನು ತನ್ನ ಲಾಭ ಬಿಟ್ಟುಕೊಡುತ್ತಿದ್ದಾನೆ ಎನ್ನಬಹುದು. ಅದನ್ನೇ ಅರ್ಧ ಬೆಲೆಗೆ ಕೊಟ್ಟರೆ ಅವನು ಎಲ್ಲಿಂದ ತಂದ ಎಂದು ಕೇಳಬೇಕು. ಆದರೆ ಕಡಿಮೆ ಹೆಸರಿನ ಕೆಲವು ಜೆನೆರಿಕ್‌ಗಳ ಮೇಲೆ ಮುದ್ರಿತ ಬೆಲೆಯನ್ನೇ ಏರಿಸಿಟ್ಟಿರುತ್ತಾರೆ, ಅಲ್ಲಿ ಶೇ 50 ಬಿಟ್ಟರೂ ಅನುಮಾನಕ್ಕೆ ಕಾರಣವಿಲ್ಲ. ರಿಯಾಯಿತಿ ನೋಡುವಾಗ ಯಾವ ಬ್ರ್ಯಾಂಡು ಎಂಬುದನ್ನೂ ನೋಡಬೇಕು.

ನನಗೂ ಒಮ್ಮೆ ಆಸೆ ಹುಟ್ಟಿಸಿದ್ದರು. ಕೈಚೀಲ ಹಿಡಿದ ಒಬ್ಬಾತ ಮಧ್ಯಾಹ್ನದ ಹೊತ್ತಿಗೆ ಬಂದು, ದಿನಕ್ಕೆ ಹತ್ತಾರು ಶೀಟು ಹೋಗುವ ಒಂದು ಗ್ಯಾಸ್ಟ್ರಿಕ್ ಮಾತ್ರೆಯನ್ನು ಅರ್ಧಕ್ಕಿಂತ ಕಡಿಮೆಗೆ ಕೊಡುತ್ತೇನೆ ಎಂದ. ಬಿಲ್ಲು ಕೇಳಿದೆ. "ಬಿಲ್ಲು ಬೇಡ ಎನ್ನುವವರಿಗೆ ಮಾತ್ರ ಈ ರೇಟು ಸಾರ್" ಎಂದು ಕಾಫಿ ಕುಡಿದು ಹೋದ. ನಮ್ಮ ಅಂಗಡಿ ಅದನ್ನು ಕೊಳ್ಳಲಿಲ್ಲ. ಆ ಡಬ್ಬಿಗಳು ಆ ದಿನ ಯಾರ ಅಂಗಡಿಗೆ ಹೋದವು ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಶೀಟಿನ ಹಿಂಬದಿ

ಬೆಳಕಿನಲ್ಲಿ ಹಿಡಿದು, ಕನ್ನಡಕ ಹಾಕಿಕೊಂಡು, ಅವಸರವಿಲ್ಲದೆ ನೋಡಿ. ನೋಡುವ ಕ್ರಮ ಹೀಗಿದ್ದರೆ ಸುಲಭ.

ಮೊದಲು ವೈದ್ಯರ ಚೀಟಿಯ ಪಕ್ಕ ಶೀಟನ್ನಿಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ಬ್ರ್ಯಾಂಡಿನ ಹೆಸರಿನಲ್ಲಿ ಒಂದು ಅಕ್ಷರ ಅತ್ತಿತ್ತ ಮಾಡಿ ಮಾರುವುದು ಹಳೆಯ ಚಾಳಿ. ಹೆಸರಿನ ಮುಂದಿನ ಸಂಖ್ಯೆಯನ್ನೂ ಬಿಡಬೇಡಿ, 20 ಮಿಲಿಗ್ರಾಂ ಬರೆದಿದ್ದರೆ 40 ನಿಮ್ಮದಲ್ಲ. ಬೇರೆ ಬ್ರ್ಯಾಂಡ್ ಕೊಟ್ಟಿದ್ದರೆ ಒಳಗಿನ ಔಷಧಿಯ ಮೂಲ ಹೆಸರು ಒಂದೇ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಆಮೇಲೆ ತಯಾರಕರ ಹೆಸರು, ಪೂರ್ತಿ ವಿಳಾಸ, ತಯಾರಿಕಾ ಪರವಾನಗಿ ಸಂಖ್ಯೆ. ಮಾರಾಟ ಮಾಡುವ ಕಂಪನಿ ಒಂದು, ತಯಾರಿಸಿದ್ದು ಇನ್ನೊಂದು ಆಗಿರುವುದು ತೀರ ಸಾಮಾನ್ಯ, ಅದರಿಂದ ಗಾಬರಿಯಾಗಬೇಡಿ. ತಯಾರಕರ ವಿಳಾಸವೇ ಇಲ್ಲದಿದ್ದರೆ ಅದನ್ನು ಕೊಳ್ಳಬೇಡಿ.

ಮೂರನೆಯದು ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು, ಎಕ್ಸ್‌ಪೈರಿ. ಎಕ್ಸ್‌ಪೈರಿ ಜೂನ್ ಎಂದಿದ್ದರೆ ಜೂನ್ ತಿಂಗಳ ಕೊನೆಯ ದಿನದವರೆಗೂ ಬಳಸಬಹುದು. ರಟ್ಟಿನ ಡಬ್ಬಿ ಇದ್ದರೆ ಡಬ್ಬಿಯ ಮೇಲಿನ ಬ್ಯಾಚ್ ಮತ್ತು ಒಳಗಿನ ಶೀಟಿನ ಬ್ಯಾಚ್ ಒಂದೇ ಆಗಿರಬೇಕು. ಸಿರಪ್‌ಗೂ ಹಾಗೆಯೇ: ಪೆಟ್ಟಿಗೆ ಒಂದು, ಬಾಟಲಿ ಒಂದು ಎಂದಾದರೆ ವಾಪಸ್ ಕೊಡಿ. ಎಕ್ಸ್‌ಪೈರಿಯ ಜಾಗದಲ್ಲಿ ಉಜ್ಜಿದ ಗುರುತು, ಸ್ಪಿರಿಟ್‌ನಿಂದ ಒರೆಸಿದ ಮಸುಕು, ಮೇಲೆ ಅಂಟಿಸಿದ ಸ್ಟಿಕ್ಕರ್ ಕಂಡರೆ ಅವಧಿ ಮೀರಿದ ಸರಕಿಗೆ ಹೊಸ ದಿನಾಂಕ ಒತ್ತಿರುವ ಸಾಧ್ಯತೆ ಇದೆ.

ವೈದ್ಯರ ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಹೆಚ್ ಔಷಧಿಗಳ ಮೇಲೆ ಆರ್‌ಎಕ್ಸ್ ಗುರುತು ಮತ್ತು ಎಚ್ಚರಿಕೆಯ ಸಾಲು ಇರುತ್ತದೆ. ಕೆಂಪು ಗೆರೆಯೂ ಅದರ ಲಕ್ಷಣ. ನಿದ್ದೆ ಮಾತ್ರೆ, ಕೆಲವು ಪ್ರಬಲ ಆ್ಯಂಟಿಬಯೋಟಿಕ್, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳು 2014ರ ಮಾರ್ಚ್‌ನಿಂದ ಜಾರಿಯಾದ ಶೆಡ್ಯೂಲ್ ಹೆಚ್1ರಲ್ಲಿವೆ. ಅವುಗಳನ್ನು ಮಾರಿದಾಗ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಎಲ್ಲವನ್ನೂ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಅಂಗಡಿಯವನು ಚೀಟಿ ಕೇಳಿದರೆ ಸಿಟ್ಟಾಗಬೇಡಿ. ಕೇಳದೆ ಅಲ್ಪ್ರಾಝೋಲಮ್‌ನಂಥ ನಿದ್ದೆ ಮಾತ್ರೆಯ ಶೀಟು ಕೊಡುವವನ ಹತ್ತಿರ ಬಿಪಿ ಮಾತ್ರೆ ಕೊಳ್ಳುವುದಕ್ಕೂ ನಾನು ಹಿಂಜರಿಯುತ್ತೇನೆ.

"ವೈದ್ಯರ ಮಾದರಿ, ಮಾರಾಟಕ್ಕಲ್ಲ" ಅಥವಾ "ಸರ್ಕಾರಿ ಸರಬರಾಜು" ಎಂದು ಅಚ್ಚಾದದ್ದನ್ನು ಅಂಗಡಿಯಲ್ಲಿ ಮಾರಿದರೆ ಅದು ಅಪರಾಧ. ಮಾತ್ರೆ ಅಸಲಿಯೇ ಇರಬಹುದು, ಆದರೆ ಅದು ಬಂದ ದಾರಿ ಕಳ್ಳದಾರಿ. ಆ ದಾರಿಯಲ್ಲಿ ಅಸಲಿಯ ಜೊತೆ ನಕಲಿಯೂ ಬರುತ್ತದೆ.

ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವುದು

2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಡೋಲೋ, ಕಾಲ್ಪಾಲ್, ಅಲ್ಲೆಗ್ರಾದಂಥ ಮನೆಮಾತಾದ ಹೆಸರುಗಳು ಆ ಪಟ್ಟಿಯಲ್ಲಿವೆ. ಅಕ್ಕಿ ಅಂಗಡಿಗೆ ಹಣ ಕಳಿಸುವ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ "ಬರುತ್ತಿಲ್ಲ, ನಕಲಿ" ಎಂದು ಕೂಗಿದವರೂ ಇದ್ದಾರೆ. ಮೊಬೈಲಿನ ಸಾಮಾನ್ಯ ಕ್ಯಾಮೆರಾ ಸಾಕು. ಔಷಧಿಯ ಹೆಸರು, ತಯಾರಕರ ಹೆಸರು ವಿಳಾಸ, ಬ್ಯಾಚ್, ತಯಾರಿಕೆಯ ದಿನಾಂಕ, ಎಕ್ಸ್‌ಪೈರಿ, ಪರವಾನಗಿ ಸಂಖ್ಯೆ ತೆರೆಯ ಮೇಲೆ ಬರಬೇಕು. ಬಂದದ್ದನ್ನು ಶೀಟಿನ ಮೇಲಿನ ಅಕ್ಷರಗಳೊಡನೆ ಹೋಲಿಸುವುದೇ ಮುಖ್ಯ ಕೆಲಸ. ಕೋಡ್ ತೆರೆದುಕೊಂಡಿತು ಎಂದಷ್ಟಕ್ಕೆ ಸಮಾಧಾನಪಟ್ಟುಕೊಳ್ಳಬೇಡಿ, ಏಕೆಂದರೆ ಕೋಡನ್ನು ಫೋಟೊ ತೆಗೆದು ಅಚ್ಚು ಹಾಕಿಸಲು ಯಾರಿಗೂ ಕಷ್ಟವಿಲ್ಲ. ನಿಮ್ಮ ಮಾತ್ರೆ ಆ 300ರಲ್ಲಿ ಇಲ್ಲದಿದ್ದರೆ ಕೋಡ್ ಇಲ್ಲದಿರುವುದು ದೋಷವೂ ಅಲ್ಲ.

ಕತ್ತರಿ

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ಕಡೆ ಪೂರ್ತಿ ಶೀಟು ಕೊಳ್ಳುವವರು ಕಡಿಮೆ. ಮೂರು ದಿನದ್ದು ಕೊಡಿ, ನಾಲ್ಕು ಕೊಡಿ ಎನ್ನುತ್ತಾರೆ. ಬ್ಯಾಚ್ ಮತ್ತು ಎಕ್ಸ್‌ಪೈರಿ ಬಹಳಷ್ಟು ಶೀಟುಗಳಲ್ಲಿ ಒಂದು ತುದಿಯಲ್ಲಿ ಮಾತ್ರ ಇರುತ್ತದೆ. ಆ ತುದಿ ಅಂಗಡಿಯಲ್ಲಿ ಉಳಿಯಬೇಕು, ಕತ್ತರಿಯನ್ನು ಇನ್ನೊಂದು ತುದಿಯಿಂದ ಹಾಕಬೇಕು ಎಂಬುದು ಕೆಲಸದ ಪಾಠ. ಸಂಜೆಯ ಗದ್ದಲದಲ್ಲಿ ನಾನು ಎಷ್ಟು ಸಲ ಅಡ್ಡಾದಿಡ್ಡಿ ಕತ್ತರಿಸಿ ಕೊಟ್ಟೆನೋ ಲೆಕ್ಕವಿಲ್ಲ. ಒಂದೋ ನಿಮ್ಮ ಕೈಗೆ ಹೆಸರಿಲ್ಲದ ನಾಲ್ಕು ಗುಳಿಗೆ ಹೋಗುತ್ತಿತ್ತು, ಇಲ್ಲವೇ ಅಂಗಡಿಯಲ್ಲಿ ದಿನಾಂಕವಿಲ್ಲದ ಆರು ಉಳಿಯುತ್ತಿದ್ದವು. ಎರಡೂ ಅಪಾಯವೇ.

ಸಾಧ್ಯವಿದ್ದವರು ಪೂರ್ತಿ ಶೀಟು ಕೊಳ್ಳಿ. ಸಾಧ್ಯವಿಲ್ಲದವರು ಕತ್ತರಿಸುವ ಮುನ್ನ ಒಂದು ಕ್ಷಣ ನಿಲ್ಲಿಸಿ, ಪೂರ್ತಿ ಶೀಟಿನ ಹಿಂಬದಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಅಂಗಡಿಯವನು ಮುಖ ಗಂಟಿಕ್ಕಿದರೂ ಪರವಾಗಿಲ್ಲ. ಹಾಳೆಯಿಂದ ಬಿಡಿಸಿದ ಮಾತ್ರೆಗಳನ್ನು ಕಾಗದದ ಪೊಟ್ಟಣದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಕಟ್ಟಿಕೊಡುವ ಕ್ಲಿನಿಕ್‌ಗಳು ಹಳ್ಳಿಗಳಲ್ಲಿ ಈಗಲೂ ಇವೆ. ಅಲ್ಲಿ ಔಷಧಿಯ ಹೆಸರನ್ನು ಬರೆಸಿಕೊಳ್ಳುವುದು ನಿಮ್ಮ ಹಕ್ಕು. ಹೆಸರು ಹೇಳಲು ಒಪ್ಪದಿದ್ದರೆ ಆ ಪೊಟ್ಟಣವನ್ನು ಅಲ್ಲೇ ಬಿಟ್ಟು ಬನ್ನಿ.

ನೀರಿಗೆ ಹಾಕಿ ನೋಡುವ ವಿಡಿಯೊಗಳು

ಪ್ರತಿ ತಿಂಗಳೂ ಒಂದು ವಿಡಿಯೊ ಬರುತ್ತದೆ: ಲೋಟದ ನೀರಿಗೆ ಮಾತ್ರೆ ಹಾಕುತ್ತಾರೆ, ಅದು ಕರಗುವುದಿಲ್ಲ, ಕೂಡಲೇ "ಪ್ಲಾಸ್ಟಿಕ್ ಮಾತ್ರೆ" ಎನ್ನುತ್ತಾರೆ. ಗ್ಯಾಸ್ಟ್ರಿಕ್‌ಗೆ ಕೊಡುವ ಪ್ಯಾಂಟೊಪ್ರಝೋಲ್‌ನಂಥ ಮಾತ್ರೆಗೆ ಹೊಟ್ಟೆಯ ಆಮ್ಲದಲ್ಲಿ ಕರಗದ ಲೇಪ ಬೇಕೆಂದೇ ಕೊಟ್ಟಿರುತ್ತಾರೆ, ಅದು ಕರುಳಿಗೆ ಹೋಗಿ ಕರಗಬೇಕು. ನಿಧಾನವಾಗಿ ಔಷಧ ಬಿಡುವ, ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಹೊರಕವಚ ಮಲದಲ್ಲಿ ಹಾಗೆಯೇ ಬೀಳುವುದೂ ಉಂಟು. ಒಳಗಿನ ಔಷಧ ಅಷ್ಟರಲ್ಲಿ ಮೈಗೆ ಸೇರಿರುತ್ತದೆ. ಇತ್ತ ಸೀಮೆಸುಣ್ಣ ಮತ್ತು ಪಿಷ್ಟದ ಮಾತ್ರೆ ನೀರಿನಲ್ಲಿ ಚೆನ್ನಾಗಿಯೇ ಪುಡಿಯಾಗಬಲ್ಲದು. ಲೋಟದ ಪರೀಕ್ಷೆ ಕಳ್ಳನಿಗೆ ಒಳ್ಳೆಯ ನಡತೆಯ ಪ್ರಮಾಣಪತ್ರ ಕೊಟ್ಟು ಸಾಚಾನನ್ನು ಜೈಲಿಗೆ ಹಾಕುತ್ತದೆ.

ಕಣ್ಣಿಗೆ ಕಾಣುವ ಕೆಲವು ಲಕ್ಷಣಗಳಿಗೆ ಬೆಲೆ ಇದೆ. ಕಳೆದ ತಿಂಗಳ ಶೀಟಿನ ಪಕ್ಕ ಈ ತಿಂಗಳದ್ದನ್ನು ಇಟ್ಟು ನೋಡಿ. ಬಣ್ಣ, ಆಕಾರ, ಮೇಲೆ ಒತ್ತಿದ ಗುರುತು, ಹಾಳೆಯ ದಪ್ಪ ಬದಲಾಗಿದ್ದರೆ ಕಾರಣ ಕೇಳಿ. ಕಂಪನಿ ನಿಜವಾಗಿಯೇ ಪ್ಯಾಕಿಂಗ್ ಬದಲಿಸಿರಬಹುದು, ಕೇಳುವುದರಲ್ಲಿ ತಪ್ಪಿಲ್ಲ. ಶೀಟಿನೊಳಗೇ ಪುಡಿಯಾಗಿದ್ದರೆ, ಕಲೆ ಇದ್ದರೆ, ಒಂದಕ್ಕೊಂದು ಅಂಟಿದ್ದರೆ ನುಂಗಬೇಡಿ. ಬೇಸಿಗೆಯಲ್ಲಿ ಚಿತ್ರದುರ್ಗದ ಬಂಡೆ ಕಾಯ್ದ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟ ಅಸಲಿ ಮಾತ್ರೆಯೂ ಹೀಗೆಯೇ ಕೆಡುತ್ತದೆ. ಇನ್ನೂ ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಲು ಬಿಡಬಾರದು. ದಾವಣಗೆರೆಯಿಂದ ಚನ್ನಗಿರಿಯ ಹಳ್ಳಿಗೆ ಒಯ್ಯುವಾಗ ಐಸ್ ಪ್ಯಾಕ್ ಕೇಳಿ ಪಡೆಯಿರಿ.

ಜಾತ್ರೆಯ ಪುಡಿ, ಮೊಬೈಲಿನ ಮಾತ್ರೆ

ಮಂಡಿನೋವಿನ ಪುಡಿ ಮಾರುವವರು ಜಾತ್ರೆ, ಸಂತೆ, ಬಸ್ ನಿಲ್ದಾಣಗಳಲ್ಲಿ ತಪ್ಪದೆ ಸಿಗುತ್ತಾರೆ. ಬೇರು ನಾರಿನ ಹೆಸರು ಹೇಳಿ ಮಾರುವ ಇಂಥ ಪುಡಿಗಳಲ್ಲಿ ಡೆಕ್ಸಾಮೆಥಸೋನ್‌ನಂಥ ಸ್ಟಿರಾಯ್ಡ್, ಡೈಕ್ಲೊಫೆನಾಕ್‌ನಂಥ ನೋವಿನ ಔಷಧಿ ಬೆರೆಸುವುದು ವೈದ್ಯರಿಗೆ ಹಳೆಯ ಸುದ್ದಿ. ಮೂರೇ ದಿನದಲ್ಲಿ ಅಜ್ಜಿ ಎದ್ದು ಓಡಾಡುತ್ತಾಳೆ, ಮನೆಯವರು ಪುಡಿಯವನಿಗೆ ಕೈಮುಗಿಯುತ್ತಾರೆ. ಕೆಲವು ತಿಂಗಳಲ್ಲಿ ಮುಖ ಊದುತ್ತದೆ, ಶುಗರ್ ಏರುತ್ತದೆ, ಮೂಳೆ ಸವೆಯುತ್ತದೆ. ತಿಂಗಳುಗಟ್ಟಲೆ ತಿಂದವರು ಗಾಬರಿಯಾಗಿ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ದೇಹ ತನ್ನ ಸ್ವಂತ ಸ್ಟಿರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ. ಉಳಿದ ಪುಡಿಯ ಸಮೇತ ಫಿಸಿಶಿಯನ್ ಬಳಿಗೆ ಹೋಗಬೇಕು.

"ಪುರುಷ ಶಕ್ತಿ"ಯ ಗುಳಿಗೆಗಳ ಕತೆ ಇನ್ನೂ ಕೆಟ್ಟದು, ಏಕೆಂದರೆ ಅದನ್ನು ತಿಂದವರು ಯಾರಿಗೂ ಹೇಳುವುದಿಲ್ಲ. 2008ರ ಮೊದಲ ಐದು ತಿಂಗಳಲ್ಲಿ ಸಿಂಗಪುರದಲ್ಲಿ ಮಧುಮೇಹವೇ ಇಲ್ಲದ 150 ಮಂದಿ ರಕ್ತದ ಸಕ್ಕರೆ ತೀರಾ ಕುಸಿದು ಆಸ್ಪತ್ರೆ ಸೇರಿದರು, 4 ಮಂದಿ ಸತ್ತರು. ಲೈಂಗಿಕ ಶಕ್ತಿಗೆಂದು ಮಾರುತ್ತಿದ್ದ ಕಳ್ಳ ಔಷಧಿಗಳಲ್ಲಿ ಶುಗರ್ ಇಳಿಸುವ ಗ್ಲಿಬೆನ್‌ಕ್ಲಮೈಡ್ ಸೇರಿಕೊಂಡಿತ್ತು. ನಮ್ಮಲ್ಲಿ ಇಂಥ ರೋಗಗಳಿಗೆ ಗ್ಯಾರಂಟಿ ಚಿಕಿತ್ಸೆ ಎಂದು ಜಾಹೀರಾತು ಕೊಡುವುದನ್ನೇ 1954ರ ಕಾಯ್ದೆಯೊಂದು ನಿಷೇಧಿಸಿದೆ. ಬಸ್ ನಿಲ್ದಾಣದ ಗೋಡೆಗಳು ಆ ಕಾಯ್ದೆಯನ್ನು ಓದಿದಂತಿಲ್ಲ.

ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್‌ಗಳಲ್ಲಿ ನಿದ್ದೆ ಮಾತ್ರೆ, ತೂಕ ಇಳಿಸುವ ಮಾತ್ರೆ, ಗರ್ಭಪಾತದ ಕಿಟ್ ಮಾರುವವರಿಂದ ದೂರವಿರಿ. ಕೊನೆಯದನ್ನು ವೈದ್ಯರ ನಿಗಾ ಇಲ್ಲದೆ ತೆಗೆದುಕೊಂಡರೆ ಮಾತ್ರೆ ಅಸಲಿಯಾಗಿದ್ದರೂ ರಕ್ತಸ್ರಾವದಿಂದ ಜೀವಕ್ಕೆ ಕುತ್ತು ಬರಬಹುದು.

ಹೊರದೇಶದಲ್ಲಿ ಓದುತ್ತಿರುವ ಮಕ್ಕಳಿಗೆ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಬೀದಿಗೊಬ್ಬ ಮಗನೋ ಮಗಳೋ ಅಮೆರಿಕದಲ್ಲಿ ಇದ್ದಾರೆ. ಅಲ್ಲಿಯ ನಕಲಿ ಮಾತ್ರೆಯ ಸ್ವಭಾವವೇ ಬೇರೆ ಎಂದು ಅವರಿಗೆ ಫೋನಿನಲ್ಲಿ ಹೇಳಿ. ಇಲ್ಲಿಯ ನಕಲಿಯಲ್ಲಿ ಬಹುಪಾಲು ಔಷಧವೇ ಇರುವುದಿಲ್ಲ, ಅಲ್ಲಿಯದರಲ್ಲಿ ವಿಷದಷ್ಟು ಇರುತ್ತದೆ. ನೋವಿಗೆ ಕೊಡುವ ಆಕ್ಸಿಕೊಡೋನ್, ಆತಂಕಕ್ಕೆ ಕೊಡುವ ಝನಾಕ್ಸ್, ಏಕಾಗ್ರತೆಗೆ ಕೊಡುವ ಅಡೆರಾಲ್‌ನಂತೆಯೇ ಕಾಣುವ ಮಾತ್ರೆಗಳಲ್ಲಿ ಫೆಂಟನಿಲ್ ಎಂಬ ಅತಿ ಪ್ರಬಲ, ಅಫೀಮಿನ ಬಗೆಯ ನೋವಿನ ಔಷಧ ಸೇರಿಸಿ ಸಾಮಾಜಿಕ ಜಾಲತಾಣಗಳಲ್ಲಿ ಮಾರುತ್ತಾರೆ. ಅದರ 2 ಮಿಲಿಗ್ರಾಂ ಪ್ರಾಣ ತೆಗೆಯಬಲ್ಲದು, ಪೆನ್ಸಿಲ್ ಮೊನೆಯ ಮೇಲೆ ನಿಲ್ಲುವಷ್ಟು ಪುಡಿ ಅದು. ಅಲ್ಲಿನ ಮಾದಕವಸ್ತು ನಿಯಂತ್ರಣ ಸಂಸ್ಥೆಯಾದ ಡಿಇಎ 2024ರಲ್ಲಿ ಪರೀಕ್ಷಿಸಿದ ಫೆಂಟನಿಲ್ ಬೆರೆತ ನಕಲಿ ಮಾತ್ರೆಗಳಲ್ಲಿ ಹತ್ತಕ್ಕೆ ಐದರಲ್ಲಿ ಅಷ್ಟು ಪ್ರಮಾಣ ಸಿಕ್ಕಿತು.

ಪರೀಕ್ಷೆಯ ಹಿಂದಿನ ರಾತ್ರಿ ರೂಮ್‌ಮೇಟ್ ಕೊಡುವ "ಎಚ್ಚರವಿರುವ ಮಾತ್ರೆ", ಪಾರ್ಟಿಯಲ್ಲಿ ಗೆಳೆಯ ಕೊಡುವ "ಟೆನ್ಶನ್ ಮಾತ್ರೆ" ಎರಡನ್ನೂ ಮುಟ್ಟಬಾರದು. ತಮ್ಮ ಹೆಸರಿಗೆ ಫಾರ್ಮಸಿ ಕೊಟ್ಟ ಡಬ್ಬಿಯದ್ದು ಮಾತ್ರ ತಮ್ಮದು. ಯಾರಾದರೂ ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಯಾಗಿ, ಕಣ್ಣಿನ ಪಾಪೆ ಸಾಸಿವೆಯಷ್ಟು ಕುಗ್ಗಿದ್ದರೆ 911ಕ್ಕೆ ಕರೆ ಮಾಡಿ, ಫೆಂಟನಿಲ್‌ನ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಮೂಗಿನ ಸ್ಪ್ರೇ ಕೊಡಬೇಕು. 2023ರಿಂದ ಅದು ಅಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಮಕ್ಕಳಿಗೆ ಇದನ್ನು ಹೇಳುವಾಗ ನೀವು ಅನುಮಾನಿಸುತ್ತಿದ್ದೀರಿ ಎಂದು ಅವರು ಮುನಿಸಿಕೊಳ್ಳಬಹುದು. ಅಲ್ಲಿ ಸತ್ತವರಲ್ಲಿ ಒಂದೇ ಒಂದು ಮಾತ್ರೆ ನುಂಗಿದವರೂ ಇದ್ದಾರೆ ಎಂದು ಹೇಳಿ ಮುಗಿಸಿ.

ಅನುಮಾನ ಬಂದ ದಿನ

ತಪ್ಪದೆ ಮಾತ್ರೆ ತೆಗೆದುಕೊಂಡರೂ ಬಿಪಿ ಇಳಿಯುತ್ತಿಲ್ಲ, ಊಟ ಬದಲಾಗದಿದ್ದರೂ ಶುಗರ್ ಏರಿದೆ, ಹೊಸ ಶೀಟು ಶುರುಮಾಡಿದ ಮೇಲೆ ವಿಪರೀತ ಮಂಪರು ಅಥವಾ ಮೈಮೇಲೆ ಗಂಧೆ. ಇವಕ್ಕೆ ಬೇರೆ ಕಾರಣವೂ ಇರಬಹುದು, ಆದರೆ ಶೀಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು, ಮುಖ ನಾಲಿಗೆ ಊದುವುದು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ, ಶೀಟನ್ನೂ ಆಸ್ಪತ್ರೆಗೆ ಒಯ್ಯಿರಿ.

ಪರಿಸ್ಥಿತಿ ಅಷ್ಟು ತುರ್ತಾಗಿಲ್ಲದಿದ್ದರೆ ವೈದ್ಯರಿಗೆ ತಿಳಿಸಿ ಬೇರೆ ಅಂಗಡಿಯಿಂದ ಬೇರೆ ಬ್ಯಾಚಿನ ಅದೇ ಔಷಧಿ ತಂದು ಮುಂದುವರಿಸಿ. ಬಿಪಿ, ಫಿಟ್ಸ್, ಹೃದಯ, ಥೈರಾಯ್ಡ್ ಮಾತ್ರೆಯನ್ನು ಅನುಮಾನದ ಹೆಸರಿನಲ್ಲಿ ನಿಲ್ಲಿಸಿ ಕೂರಬೇಡಿ. ಉಳಿದ ಮಾತ್ರೆ, ಖಾಲಿ ಶೀಟು, ಡಬ್ಬಿ, ಬಿಲ್ಲು, ಚೀಟಿ ಇವನ್ನೆಲ್ಲ ಒಂದು ಕವರಿನಲ್ಲಿ ಹಾಕಿ ಯಾವಾಗ ಕೊಂಡಿರಿ, ಯಾವಾಗ ನುಂಗಿದಿರಿ, ಏನಾಯಿತು ಎಂದು ಬರೆದಿಡಿ.

ಅಂಗಡಿಗೆ ಹೋಗಿ ಕೇಳಿ, ತಪ್ಪಿಲ್ಲ. ಹೆಚ್ಚಿನ ಅಂಗಡಿಯವರಿಗೂ ಇದು ಸಗಟು ಮಾರುವ ಸ್ಟಾಕಿಸ್ಟ್‌ನಿಂದ ಬಂದ ಮೋಸವೇ ಆಗಿರಬಹುದು. ಆದರೆ "ಕೊಡಿ, ಬದಲಾಯಿಸಿಕೊಡುತ್ತೇನೆ" ಎಂದು ಎಲ್ಲವನ್ನೂ ವಾಪಸ್ ಪಡೆದುಕೊಂಡರೆ ನಿಮ್ಮ ಬಳಿ ಸಾಕ್ಷಿ ಉಳಿಯುವುದಿಲ್ಲ. ನಾಲ್ಕು ಮಾತ್ರೆಯಾದರೂ ಶೀಟಿನ ಸಮೇತ ಇಟ್ಟುಕೊಳ್ಳಿ.

ದೂರು ಎಲ್ಲಿಗೆ

ದಾವಣಗೆರೆಯಾಗಲಿ ಚಿತ್ರದುರ್ಗವಾಗಲಿ, ಜಿಲ್ಲಾ ಕೇಂದ್ರದ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಬರಹದಲ್ಲಿ ಕೊಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಭಾಷೆ ಬೆಡಗಿನದಾಗಬೇಕಿಲ್ಲ: "ಇಂಥ ದಿನಾಂಕದಂದು ಇಂಥ ಅಂಗಡಿಯಲ್ಲಿ ಇಂಥ ಬಿಲ್ಲಿನ ಮೇಲೆ ಈ ಬ್ಯಾಚಿನ ಈ ಮಾತ್ರೆ ಕೊಂಡಿದ್ದೇನೆ. ಈ ಕಾರಣಕ್ಕೆ ಅನುಮಾನವಿದೆ. ಮಾದರಿ ತೆಗೆದು ಪರೀಕ್ಷೆಗೆ ಕಳುಹಿಸಬೇಕಾಗಿ ಕೋರುತ್ತೇನೆ." ನಕಲಿ ಎಂದು ನೀವೇ ತೀರ್ಪು ಕೊಡಬೇಡಿ, ಅನುಮಾನ ಎಂದು ಬರೆಯಿರಿ.

ಇನ್‌ಸ್ಪೆಕ್ಟರ್ ಅಂಗಡಿಗೆ ಹೋಗಿ ಅದೇ ಬ್ಯಾಚಿನ ಮಾದರಿ ತೆಗೆದು, ಭಾಗ ಮಾಡಿ, ಮುದ್ರೆ ಒತ್ತಿ, ಒಂದನ್ನು ಸರ್ಕಾರಿ ವಿಶ್ಲೇಷಕರಿಗೆ ಕಳುಹಿಸುತ್ತಾರೆ. ಒಂದು ಭಾಗ ಅಂಗಡಿಯವನಿಗೆ, ಇನ್ನೊಂದು ನ್ಯಾಯಾಲಯಕ್ಕೆ. ಈ ವಿಧಿಗೆ ಸಮಯ ಹಿಡಿಯುತ್ತದೆ, ಬೇಸರಪಡಬೇಡಿ. ಮುದ್ರೆ ಸರಿಯಿಲ್ಲದಿದ್ದರೆ ಕಳ್ಳ ನ್ಯಾಯಾಲಯದಲ್ಲಿ ನುಣುಚಿಕೊಳ್ಳುತ್ತಾನೆ. ಹೆಚ್ಚಿನವರಿಗೆ ತಿಳಿಯದ ಇನ್ನೊಂದು ದಾರಿಯೂ ಇದೆ: 1940ರ ಆ ಔಷಧ ಕಾಯ್ದೆಯ 26ನೇ ಕಲಮಿನ ಪ್ರಕಾರ ಔಷಧಿ ಕೊಂಡ ಯಾವುದೇ ವ್ಯಕ್ತಿ ನಮೂನೆ 14-ಎ ತುಂಬಿ, ಶುಲ್ಕ ಕಟ್ಟಿ ತಾನೇ ಪರೀಕ್ಷೆಗೆ ಕೊಡಬಹುದು. ನಕಲಿ ಔಷಧಿಯಿಂದ ಸಾವು ಅಥವಾ ತೀವ್ರ ಹಾನಿಯಾದರೆ ಕನಿಷ್ಠ 10 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ, ದಂಡ 10 ಲಕ್ಷ ರೂಪಾಯಿಗೆ ಕಡಿಮೆ ಇರುವಂತಿಲ್ಲ.

ಔಷಧಿಯಿಂದಾದ ಅಡ್ಡಪರಿಣಾಮವನ್ನು ಶುಲ್ಕವಿಲ್ಲದ 1800-180-3024ಕ್ಕೆ ತಿಳಿಸಬಹುದು. ಹಣ ಮತ್ತು ಪರಿಹಾರದ ಪ್ರಶ್ನೆಗೆ ಗ್ರಾಹಕ ಸಹಾಯವಾಣಿ 1915, ಅಥವಾ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಒಳಗಿದ್ದರೆ ಆಯೋಗದಲ್ಲಿ ಶುಲ್ಕವಿಲ್ಲ. ಎಲ್ಲ ಕಡೆಯೂ ಮೊದಲು ಕೇಳುವುದು ಅದೇ ಬಿಲ್ಲು.

ನಾಲ್ಕು ಜನರಿಗೆ ಹೇಳುವಾಗ

2024ರ ಆಗಸ್ಟ್ ತಿಂಗಳ ಮಾದರಿಗಳ ಬಗ್ಗೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಹೊರಡಿಸಿದ, ಗುಣಮಟ್ಟದ ಪರೀಕ್ಷೆಯಲ್ಲಿ ಸೋತ ಔಷಧಿಗಳ ಪಟ್ಟಿಯಲ್ಲಿ ಐವತ್ತಕ್ಕೂ ಹೆಚ್ಚು ಹೆಸರುಗಳಿದ್ದವು, ಮನೆಮನೆಯ ಕ್ಯಾಲ್ಸಿಯಂ, ಬಿಪಿ, ಗ್ಯಾಸ್ಟ್ರಿಕ್ ಮಾತ್ರೆಗಳೂ ಸೇರಿದ್ದವು. ವಾಟ್ಸ್‌ಆ್ಯಪ್‌ನಲ್ಲಿ ಅದು "ಈ ಬ್ರ್ಯಾಂಡ್ ವಿಷ, ಬಿಸಾಡಿ" ಎಂದಾಯಿತು. ಪಟ್ಟಿಯಲ್ಲಿ ಸೋತದ್ದು ಒಂದೊಂದು ಬ್ಯಾಚ್. ಕೆಲವು ಕಂಪನಿಗಳಂತೂ ಆ ಬ್ಯಾಚ್ ತಮ್ಮದೇ ಅಲ್ಲ, ಯಾರೋ ತಯಾರಿಸಿದ ನಕಲಿ ಎಂದವು. ಅಂಥ ಪಟ್ಟಿ ಪ್ರತಿ ತಿಂಗಳೂ ಸಂಸ್ಥೆಯ ಜಾಲತಾಣದಲ್ಲಿ ಬರುತ್ತದೆ. ನಿಮ್ಮ ಶೀಟಿನ ಬ್ಯಾಚ್ ಅದರಲ್ಲಿದೆಯೇ ಎಂದು ನೋಡಿ, ಇಲ್ಲದಿದ್ದರೆ ಸಂದೇಶವನ್ನು ಮುಂದೆ ತಳ್ಳಬೇಡಿ.

ನಾನು ಈಗ ಹೊನ್ನಾಳಿ, ಹರಿಹರದ ಕಡೆ ಸ್ತ್ರೀಶಕ್ತಿ ಸಂಘಗಳು ಕರೆದರೆ ಹೋಗುತ್ತೇನೆ. ಭಾಷಣ ಮಾಡುವುದಿಲ್ಲ. ಪ್ರತಿಯೊಬ್ಬರೂ ಮನೆಯ ಮಾತ್ರೆ ಡಬ್ಬಿಯನ್ನು ತರಬೇಕು ಎಂಬುದಷ್ಟೇ ಷರತ್ತು. ಜಮಖಾನದ ಮೇಲೆ ಎಲ್ಲವನ್ನೂ ಸುರಿಯುತ್ತೇವೆ. ಹೆಸರಿಲ್ಲದ್ದು ಒಂದು ಕಡೆ, ಅವಧಿ ಮೀರಿದ್ದು ಒಂದು ಕಡೆ, ಬಿಲ್ಲು ಇರುವುದು ಒಂದು ಕಡೆ. ಬಿಲ್ಲಿನ ಗುಡ್ಡೆ ಯಾವಾಗಲೂ ಎಲ್ಲಕ್ಕಿಂತ ಚಿಕ್ಕದು. ಖಾಲಿ ಶೀಟು, ಖಾಲಿ ಇಂಜೆಕ್ಷನ್ ಬಾಟಲಿಯ ಲೇಬಲ್ಲುಗಳನ್ನು ಅಲ್ಲೇ ಕತ್ತರಿಸಿ ಹಾಕುತ್ತೇವೆ, ಮತ್ತೆ ತುಂಬಿ ಮಾರುವವರಿಗೆ ಸಿಗದಂತೆ.

ಒಮ್ಮೆ ಇಂಥ ಸಭೆಯಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ ತನ್ನ ಅಡಿಕೆ ಚೀಲದಿಂದ ಶೀಟೊಂದನ್ನು ತೆಗೆದಳು. ಹತ್ತರಲ್ಲಿ ಒಂದೇ ಮಾತ್ರೆ ಉಳಿದಿತ್ತು, ಬ್ಯಾಚ್ ಒತ್ತಿದ ತುದಿಯ ಮಾತ್ರೆ. ಅದನ್ನೇಕೆ ಬಿಟ್ಟಿದ್ದೀರಿ ಎಂದು ಕೇಳಿದೆ. "ಬೀಜದ ಚೀಲದ ಟ್ಯಾಗು ಹರಿಯದಂತೆ ಬಾಯಿ ಬಿಚ್ಚುವುದಿಲ್ಲವೇನಪ್ಪಾ, ಹಾಗೆ. ನಂಬರಿನ ಕಡೆಯದು ಕೊನೆಗೆ" ಎಂದಳು. ಅವತ್ತಿನಿಂದ ನಮ್ಮ ಮನೆಯಲ್ಲೂ ಅವ್ವನ ಶೀಟನ್ನು ಆ ತುದಿಯಿಂದ ಒಡೆಯುವುದಿಲ್ಲ.